ಶಿಸ್ತಪ್ಪ ಕಟ್ಟಿಸಿದ ಕೋಳಿಗೂಡು

ಒಂದು ಕಾಡಿನಲ್ಲಿ, ಹೊಂಗೆಮರಗಳ ತೋಪಿನ ನಡುವೆ, ಒಂದು ಕೇರಿ ಇತ್ತು. ಕಾಡಿನಲ್ಲಿ ಎಂಥ ಕೇರಿ ಎಂದು ನಗಬೇಡಿ. ಅಲ್ಲಿ ಬಿಲದ ಪಕ್ಕ ಬಿಲ, ಪೊದೆಯ ಪಕ್ಕ ಪೊದೆ. ಒಬ್ಬರು ಸೀನಿದರೆ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಅದಕ್ಕೆ ಹೊಂಗೆಕೇರಿ ಎಂದು ಹೆಸರು.

ಆ ಕೇರಿಗೆ ಒಂದು ಬೇಸಿಗೆಯಲ್ಲಿ ಬೂದಕ್ಕ ಎಂಬ ಕಾಡುಕೋಳಿ ಬಂದಳು. ಜೊತೆಯಲ್ಲಿ ಅವಳ ಗಂಡ, ಹುಂಜ ಜುಟ್ಟಯ್ಯ. ಅವರು ಮೊದಲಿದ್ದ ಬಿದಿರುಮೆಳೆಯನ್ನು ಆನೆಗಳು ಮುರಿದು ತಿಂದು ಮುಗಿಸಿದ್ದವು. ಬೂದಕ್ಕ ಒಂದು ಮರದ ಬುಡದಲ್ಲಿ ಒಣಗಿದ ಎಲೆ ಗುಡ್ಡೆ ಹಾಕಿ ಮೊಟ್ಟೆಯಿಟ್ಟಳು. ಕಾವಿಗೆ ಕೂತಳು.

ಹೊಂಗೆಕೇರಿಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಕಾವಿಗೆ ಕೂತವಳಾಗಲಿ, ಮರಿ ಹಾಕಿದವಳಾಗಲಿ, ಬಾಗಿಲಿಗೆ ಬಂದು ಜಾಗ ಕೇಳಿದರೆ ಇಲ್ಲ ಎನ್ನಬಾರದು. ಅವಳು ಎಷ್ಟು ಜಗಳಗಂಟಿಯಾದರೂ ಸರಿ, ಬಾಣಂತಿ ಬಾಣಂತಿಯೇ. ಕೇರಿಯ ಹೆಂಗಸರು ಇದನ್ನು ಚೆನ್ನಾಗಿ ಪಾಲಿಸುತ್ತಿದ್ದರು. ಗಂಡಸರಲ್ಲಿ ಕೆಲವರಿಗೆ ಹೀಗೊಂದು ಪದ್ಧತಿ ಇದೆ ಎಂಬುದೇ ಗೊತ್ತಿರಲಿಲ್ಲ. ಅಂಥ ಕೆಲವರಲ್ಲಿ ಶಿಸ್ತಪ್ಪ ಮೊದಲಿಗ.

ಶಿಸ್ತಪ್ಪ ಒಂದು ನರಿ. ಬಾಲ ಬಾಚಿಕೊಂಡು, ಮೀಸೆ ತೀಡಿಕೊಂಡು, ಬೆಳಗ್ಗೆ ಸಂಜೆ ಕೇರಿ ಸುತ್ತುವುದು ಅವನ ಕೆಲಸ. "ಶಿಸ್ತು ಬೇಕಪ್ಪಾ, ಶಿಸ್ತು" ಎನ್ನುವುದು ಅವನ ಬಾಯಿಪಾಠ. ಕೇರಿಯ ಕಾರ್ಯದರ್ಶಿ ಎಂದು ತನ್ನನ್ನು ತಾನೇ ಕರೆದುಕೊಂಡಿದ್ದ. ಬೇಡ ಎನ್ನುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಬೂದಕ್ಕನ ಮೇಲೆ ದೂರುಗಳು ಬರತೊಡಗಿದವು. ಸುಳ್ಳು ದೂರುಗಳೇನಲ್ಲ. ಜುಟ್ಟಯ್ಯ ಇನ್ನೂ ಕತ್ತಲಿರುವಾಗಲೇ ಕೂಗುತ್ತಿದ್ದ. ಮೊಲ ಗರಿಕಮ್ಮನ ಎಳೆಮರಿಗಳು ಬೆಚ್ಚಿಬಿದ್ದು ಅಳುತ್ತಿದ್ದವು. ಬೂದಕ್ಕ ಮೇಯಲು ಎದ್ದಾಗಲೆಲ್ಲ ಗರಿಕಮ್ಮನ ಸೊಪ್ಪಿನ ಪಾತಿಯನ್ನೇ ಕೆದಕುತ್ತಿದ್ದಳು. ಕೇರಿಯ ಹಿರಿಯಳಾದ ಆಮೆ ಚಿಪ್ಪಜ್ಜಿ ಓಡಾಡುವ ದಾರಿಯಲ್ಲಿ ಹಿಕ್ಕೆ ಬಿದ್ದಿರುತ್ತಿತ್ತು.

"ಹಿಕ್ಕೆ ಕಂಡರೂ ಪಕ್ಕಕ್ಕೆ ಹಾರೋಕಾಗುತ್ತಾ ನನ್ನ ಕೈಲಿ?" ಎಂದು ಚಿಪ್ಪಜ್ಜಿ ಗೊಣಗುತ್ತಿದ್ದಳು. ತಪ್ಪು ತನ್ನದೇ ಎಂದು ಬೂದಕ್ಕನಿಗೂ ಗೊತ್ತಿತ್ತು. ಆದರೆ ಕೆದಕದೆ ಇರಲು ಅವಳ ಕಾಲಿಗೆ ಬರುತ್ತಿರಲಿಲ್ಲ.

ಶಿಸ್ತಪ್ಪನಿಗೆ ಇದೇ ಬೇಕಿತ್ತು. ಅವನು ದೊಡ್ಡ ಹೊಂಗೆಮರದ ಕೆಳಗೆ ಸಭೆ ಕರೆದ.

"ಕೋಳಿಯಾಗಿ ಬಾಳೋದು ತಪ್ಪಲ್ಲ. ಆದರೆ ನಾಲ್ಕು ಜನ ಇರೋ ಜಾಗದಲ್ಲಿ ನಿಯಮ ಬೇಕು" ಎಂದ. ಎಲ್ಲರೂ ತಲೆದೂಗಿದರು. ಬೂದಕ್ಕನೂ ತಲೆದೂಗಿದಳು.

"ಹುಂಜ ಕೇರಿಯಲ್ಲಿರಬಾರದು. ಹೊಳೆಯಾಚೆ ಹೋಗಲಿ. ನಿದ್ದೆ ಎಲ್ಲರಿಗೂ ಬೇಕು."

ಜುಟ್ಟಯ್ಯನ ಜುಟ್ಟು ಬಾಗಿತು. ಬೂದಕ್ಕನಿಗೆ ಸಂಕಟವಾಯಿತು. ಆದರೆ ಗರಿಕಮ್ಮನ ಮರಿಗಳ ಕೆಂಪುಗಣ್ಣು ನೋಡಿ ಒಪ್ಪಿಕೊಂಡಳು.

"ಕೋಳಿಗೊಂದು ಗೂಡು ಬೇಕು. ವಾಸನೆ ಬರೋದರಿಂದ ಮನೆಗಳಿಗೆ ದೂರ ಇರಲಿ, ಆ ಹುತ್ತದ ಆಚೆ. ಗೂಡು ತಗ್ಗಾಗಿ, ಇಕ್ಕಟ್ಟಾಗಿ ಇರಲಿ. ರೆಕ್ಕೆ ಬಡಿದರೆ ಧೂಳು ಏಳುತ್ತೆ ನೋಡಿ. ಸೊಪ್ಪಿನ ಪಾತಿಗೆ ಬಾರದ ಹಾಗೆ ತಾನಾಗಿ ಬೀಳೋ ಬಾಗಿಲು ಇರಲಿ. ಅದು ಒಳಗಿನಿಂದ ತೆಗೆಯೋಕೆ ಬರಬಾರದು. ದಿನಕ್ಕೊಂದು ಸಲ ನಾನೇ ಬಂದು ತೆಗೀತೀನಿ. ಆ ಕಷ್ಟ ನನಗಿರಲಿ."

"ಎಷ್ಟು ಒಳ್ಳೆಯವರು!" ಎಂದಳು ಗರಿಕಮ್ಮ.

"ಕೊನೇದೊಂದು. ಸಂಜೆಯಾದ ಮೇಲೆ ಗೂಡಿನಿಂದ ಕೂಗು ಬಂದರೆ ಯಾರೂ ಎದ್ದು ಹೋಗಬಾರದು. ಮುದ್ದು ಮಾಡಿದರೆ ಅದೇ ಚಟ ಆಗುತ್ತೆ. ಸೂರ್ಯ ಹುಟ್ಟೋವರೆಗೆ ಬಾಗಿಲು ತೆಗೆಯೋ ಹಾಗಿಲ್ಲ. ಕೂಗಿ ಕೇರಿಯ ನಿದ್ದೆ ಕೆಡಿಸಿದವರು ಬೆಳಗಾಗುತ್ತಲೇ ಕೇರಿ ಬಿಡಬೇಕು. ನಾಳೆ ಸಂಜೆಯೊಳಗೆ ಗೂಡು ಎದ್ದಿರಬೇಕು. ಇಲ್ಲದಿದ್ದರೆ ಮೊಟ್ಟೆ ಬಿಟ್ಟು ಹೊರಡಬೇಕು."

ಕಾವು ಬಿಟ್ಟ ಮೊಟ್ಟೆ ಮತ್ತೆ ಮರಿಯಾಗುವುದಿಲ್ಲ. ಒಳಗೆ ಆಗಲೇ ಮರಿಗಳು ಮಿಸುಕುತ್ತಿದ್ದವು. ಕಾವಿಗೆ ಕೂತಾಗ ರೆಕ್ಕೆಯಡಿಯಲ್ಲಿ ಅದು ಬೂದಕ್ಕನಿಗೆ ಗೊತ್ತಾಗುತ್ತಿತ್ತು. ಅವಳು ಅವನು ಹೇಳಿದ್ದನ್ನೆಲ್ಲ ಇನ್ನೊಮ್ಮೆ ಮನಸ್ಸಿನಲ್ಲಿ ಜೋಡಿಸಿದಳು. ಒಂದೊಂದೇ ನಿಯಮ ನೋಡಿದರೆ ಸರಿಯಾಗಿಯೇ ಇತ್ತು. ಎಲ್ಲವನ್ನೂ ಸೇರಿಸಿ ನೋಡಿದರೆ ಅದು ಗೂಡಲ್ಲ, ಬೋನು. ದೂರದಲ್ಲಿ, ಹಾರಲಾಗದಂತೆ, ಓಡಲಾಗದಂತೆ, ಕೂಗಿದರೂ ಯಾರೂ ಬಾರದಂತೆ!

ಅತ್ತು ಗಲಾಟೆ ಮಾಡಬಹುದಿತ್ತು. ಯಾರು ನಂಬುತ್ತಿದ್ದರು? ದೂರುಗಳೆಲ್ಲ ಅವಳ ಮೇಲೆಯೇ ಇದ್ದವು. ಬೂದಕ್ಕ ಕತ್ತು ನೆಟ್ಟಗೆ ಮಾಡಿ ಕೇಳಿದಳು.

"ಶಿಸ್ತಪ್ಪನವರೇ, ನಿಯಮ ಒಪ್ಪಿದೆ. ಒಂದೇ ಅನುಮಾನ. ಇದೆಲ್ಲ ಗೂಡಿಗೋ, ನನ್ನೊಬ್ಬಳಿಗೋ?"

"ಗೂಡಿಗೆ. ನಿಯಮ ಅಂದರೆ ಮುಖ ನೋಡೋ ಹಾಗಿಲ್ಲ."

"ಅಂದರೆ ಗೂಡಿನೊಳಗೆ ಯಾರಿದ್ದರೂ ಹೀಗೇನಾ?"

ಶಿಸ್ತಪ್ಪ ಮೀಸೆ ತೀಡಿದ. "ನಮ್ಮಪ್ಪನೇ ಇದ್ದರೂ ಹೀಗೇ!"

"ಎಲ್ಲರೂ ಕೇಳಿಸಿಕೊಂಡಿರಲ್ಲ, ಅಷ್ಟು ಸಾಕು" ಎಂದು ಬೂದಕ್ಕ ಮೊಟ್ಟೆಗಳ ಮೇಲೆ ಹೋಗಿ ಕೂತಳು.

ಮಾರನೆಯ ದಿನ ಗೂಡಿನ ಕೆಲಸ ಶುರುವಾಯಿತು. ಶಿಸ್ತಪ್ಪ ಎಂದೂ ಒಂದು ಕಡ್ಡಿ ಎತ್ತಿದವನಲ್ಲ. ಅಂದು ಮಾತ್ರ ಬೆವರು ಸುರಿಸಿ ದುಡಿದ. ಗೋಡೆಗೆ, ಚಾವಣಿಗೆ ತಾನೇ ಚಪ್ಪಡಿಕಲ್ಲು ಎಳೆದು ತಂದ. ಬಾಗಿಲಿಗೆ ಗಟ್ಟಿ ಬಿದಿರಿನ ತಡಿಕೆ ನೇತುಹಾಕಿಸಿದ. ತಳ್ಳಿದರೆ ಒಳಕ್ಕೆ ಹೋಗಿ, ಬಿಟ್ಟರೆ ದಪ್ಪನೆ ಬಿದ್ದು ಹೊಸ್ತಿಲುಗಲ್ಲಿಗೆ ಕಚ್ಚಿಕೊಳ್ಳುವ ತಡಿಕೆ ಅದು. ಅಗಲ ಎಷ್ಟಿರಬೇಕೆಂದು ತನ್ನ ಮೀಸೆಯಿಂದಲೇ ಅಳೆದ. ಮೀಸೆ ಹಿಡಿಸಿದ ಕಡೆ ಮೈ ಹಿಡಿಸುತ್ತದೆ ಎಂಬುದು ನರಿಗಳ ಲೆಕ್ಕ. ಅದು ಒಳಗೆ ಹೋಗುವ ಲೆಕ್ಕ. ಒಳಗೆ ತಿರುಗಿ ನಿಲ್ಲುವ ಲೆಕ್ಕವನ್ನು ಅವನು ಹಾಕಲೇ ಇಲ್ಲ. ತಡಿಕೆ ಬೀಳದಂತೆ ಬಾಲವನ್ನು ಬಾಗಿಲಲ್ಲೇ ಬಿಟ್ಟರಾಯಿತು ಎಂದು ಅಂದುಕೊಂಡಿದ್ದ. ಬಾಯಲ್ಲಿ ನೀರೂರಿದವನಿಗೆ ಅಷ್ಟೇ ಹೊಳೆಯುವುದು.

ಮಧ್ಯಾಹ್ನ ಶಿಸ್ತಪ್ಪ ದಣಿದು ಮಲಗಿದ. ಬೂದಕ್ಕ ಮೊಟ್ಟೆಗಳಿಗೆ ಎಲೆ ಮುಚ್ಚಿ, ಪಕ್ಕದ ಬಿಲದ ಬಾಗಿಲಿಗೆ ಹೋದಳು. ಅದು ಮುಳ್ಳುಹಂದಿ ಸೂಜಮ್ಮನ ಮನೆ.

"ಸೂಜಮ್ಮಾ, ಕಾವಿಗೆ ಕೂತಿದೀನಿ. ಜಾಗ ಬೇಕು."

ಸೂಜಮ್ಮ ನಿದ್ದೆಗಣ್ಣಲ್ಲೇ ಪಕ್ಕಕ್ಕೆ ಸರಿದಳು. "ಕೇಳಬೇಕೇನೇ? ಬಾ ಒಳಗೆ. ನಾನು ಹೇಗೂ ಸಂಜೆಯಾದರೆ ಗೆಡ್ಡೆ ಅಗೆಯೋಕೆ ಹೊರಡ್ತೀನಿ. ಆದರೆ ನಿನಗೆ ಅಲ್ಲಿ ಅಷ್ಟು ಚೆಂದದ ಗೂಡು ಕಟ್ತಾ ಇದಾರಲ್ಲ?"

"ಗೂಡು ಕಟ್ಟಬೇಕು ಅಂತ ನಿಯಮ ಇದೆ. ಅದರಲ್ಲೇ ಮಲಗಬೇಕು ಅಂತ ಯಾರೂ ಹೇಳಲಿಲ್ಲ" ಎಂದಳು ಬೂದಕ್ಕ.

ಸೂಜಮ್ಮ ತನ್ನ ಮುಳ್ಳುಗಳೆಲ್ಲ ಅಲುಗಾಡುವಷ್ಟು ನಕ್ಕಳು.

ನಗು ಕೇಳಿ ಗರಿಕಮ್ಮ ಬಂದಳು. ಅವಳಿಗೂ ಬೋನಿನ ವಿಷಯ ಹೇಳಬೇಕಾಯಿತು. ಪಾತಿ ಕೆದಕಿದ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ. "ನನಗೆ ನಂಬಿಕೆ ಇಲ್ಲಪ್ಪ. ಶಿಸ್ತಪ್ಪನವರು ಅಂಥವರಲ್ಲ" ಎಂದು ಮೂಗು ಮುರಿದಳು. ಆದರೂ ಬಾಣಂತಿ ಬಾಣಂತಿಯೇ ಅಲ್ಲವೇ? ತನ್ನ ಎದೆಯ ಮೆತ್ತನೆಯ ತುಪ್ಪಳ ಕಿತ್ತು ಸೂಜಮ್ಮನ ಬಿಲದ ಮೂಲೆಯಲ್ಲಿ ಹಾಸಿಕೊಟ್ಟಳು. ಬೂದಕ್ಕ ಮೊಟ್ಟೆಗಳನ್ನು ಒಂದೊಂದಾಗಿ ಕೊಕ್ಕಿನಿಂದ ಉರುಳಿಸಿಕೊಂಡು ಅಲ್ಲಿಗೆ ತಂದಳು. ಹೊಸ ಗೂಡಿನ ತೀರ ಒಳಮೂಲೆಯಲ್ಲಿ ಹೊಳೆಯ ನುಣುಪುಗಲ್ಲುಗಳನ್ನು ಇಟ್ಟು, ಮೇಲೆ ತನ್ನ ಗರಿಗಳನ್ನು ಉದುರಿಸಿದಳು. ಗೂಡಿನಿಂದ ಕೋಳಿಯ ವಾಸನೆ ಘಂ ಎಂದು ಬರುತ್ತಿತ್ತು.

ಸೂರ್ಯ ಮುಳುಗಿದ. ಜುಟ್ಟಯ್ಯ ಆಗಲೇ ಹೊಳೆಯಾಚೆ ಹೋಗಿದ್ದ. ಸೂಜಮ್ಮನ ಬಿಲದಲ್ಲಿ ಬೂದಕ್ಕ ಕಿವಿಗೊಟ್ಟು ಕೂತಿದ್ದಳು. ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ತಾನು ಮಾಡಬೇಕಾದ್ದನ್ನು ಮಾಡಿಯಾಗಿದೆ ಎಂಬ ಧೈರ್ಯ ಅದಕ್ಕಿಂತ ದೊಡ್ಡದಿತ್ತು.

ಹುತ್ತದ ಹಿಂದಿನಿಂದ ಶಿಸ್ತಪ್ಪ ಬಂದ. "ತಪಾಸಣೆ" ಎಂದು ಮೆಲ್ಲಗೆ ಹೇಳಿ ತಡಿಕೆ ತಳ್ಳಿದ. ತಲೆ ಹೋಯಿತು, ಹೊಟ್ಟೆ ಹೋಯಿತು. ಬಾಲವನ್ನು ಲೆಕ್ಕದ ಪ್ರಕಾರ ಬಾಗಿಲಲ್ಲೇ ಬಿಟ್ಟ. ಒಳಗೆ ಕತ್ತಲೆ, ಗರಿ, ಘಮ. ಮೂಲೆ ಸ್ವಲ್ಪ ದೂರವಿತ್ತು. ಕತ್ತು ಚಾಚಿದ. ಸಿಗಲಿಲ್ಲ. ಇನ್ನೊಂದಿಷ್ಟು ಚಾಚಿದ. ಗರಿ ಮೂಗಿಗೆ ತಾಗಿತು. ಆಗ ಅವನಿಗೆ ಬಾಲದ ನೆನಪೆಲ್ಲಿ? ಮುಂದಕ್ಕೆ ನುಗ್ಗಿ ಕಚ್ಚಿಯೇಬಿಟ್ಟ!

ಕಟಕ್ ಎಂದು ಹಲ್ಲು ಮುರಿಯಿತು. ದಪ್ ಎಂದು ತಡಿಕೆ ಬಿತ್ತು.

"ಅಯ್ಯಯ್ಯೋ! ಯಾರಾದರೂ ಬನ್ನಿ! ಬಾಗಿಲು ತೆಗೀರಿ!"

ತಿರುಗಲು ನೋಡಿದ, ಜಾಗವಿಲ್ಲ. ಏಳಲು ನೋಡಿದ, ಚಪ್ಪಡಿ ತಲೆಗೆ ಬಡಿಯಿತು. ಹಿಂಗಾಲಿನಿಂದ ತಡಿಕೆ ಒದ್ದ. ಅದು ಇನ್ನಷ್ಟು ಕಚ್ಚಿಕೊಂಡಿತು. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

ಕೇರಿಯೆಲ್ಲ ಎಚ್ಚರವಾಯಿತು. ಗರಿಕಮ್ಮ ತನ್ನ ಬಿಲದಿಂದಲೇ ಕೂಗಿದಳು. "ಯಾರದು?"

"ನಾನು, ಶಿಸ್ತಪ್ಪ!"

"ಕೋಳಿಗೂಡಿನೊಳಗೆ ನೀವೇನು ಮಾಡ್ತಿದೀರಿ?"

"ತಪಾಸಣೆಗೆ ಬಂದಿದ್ದೆ ಕಣಮ್ಮಾ! ಬೇಗ ಬಾ!"

"ಹೇಗೆ ಬರಲಿ? ಗೂಡಿನಿಂದ ಕೂಗು ಬಂದರೆ ಏಳಬಾರದು ಅಂತ ನೀವೇ ಹೇಳಿದ್ದಲ್ವಾ? ಚಟ ಆಗುತ್ತಂತೆ."

"ಅದು ಕೋಳಿಗೆ ಹೇಳಿದ್ದು!"

ಕತ್ತಲಲ್ಲಿ ಚಿಪ್ಪಜ್ಜಿಯ ನಿಧಾನದ ದನಿ ಕೇಳಿಸಿತು. "ನಮ್ಮಪ್ಪನೇ ಇದ್ದರೂ ಅಂದಿದ್ದೆ ನೀನು. ಸುಮ್ಮನೆ ಮಲಗಿಕೋ ಮಗಾ. ಸೂರ್ಯ ಹುಟ್ಟಲಿ, ನೋಡೋಣ."

ಶಿಸ್ತಪ್ಪ ಮುರುಟಿಕೊಂಡು ಬಿದ್ದಿದ್ದ. ಕಲ್ಲಿನ ಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಹೊರಗೆ ಬೆಳಗಾಯಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. "ಬೆಳಗಾಯಿತಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಕೊನೆಗೆ ತಡೆಯಲಾರದೆ ಅಂಗಲಾಚಿದ.

"ಬೂದಕ್ಕಾ! ನಿನ್ನ ಕಾಲಿಗೆ ಬೀಳ್ತೀನಿ. ಜುಟ್ಟಯ್ಯನಿಗೆ ಬೇಗ ಕೂಗೋಕೆ ಹೇಳಮ್ಮಾ!"

"ನನ್ನ ಗಂಡನನ್ನು ಹೊಳೆಯಾಚೆ ಕಳಿಸಿದವರು ನೀವೇ ಅಲ್ವಾ?" ಎಂದಳು ಬೂದಕ್ಕ. "ಅಲ್ಲಿಂದ ಕೇಳಿಸಿದಾಗ ಕೇಳಿಸುತ್ತೆ."

ಹೊಳೆಯಾಚೆಯಿಂದ ಕೂಗು ಬಂತು. ಸೂರ್ಯ ಹುಟ್ಟಿದ. ಎಲ್ಲರೂ ಗೂಡಿನ ಸುತ್ತ ಸೇರಿದರು. ಸೂಜಮ್ಮ ತಡಿಕೆಯನ್ನು ಒಳಕ್ಕೆ ತಳ್ಳಿ ಎತ್ತಿಹಿಡಿದಳು. ಬಾಲ ಮುಂದಾಗಿ, ಮುಖ ಹಿಂದಾಗಿ ಶಿಸ್ತಪ್ಪ ಹೊರಬಂದ. ಮೀಸೆಯಲ್ಲಿ ಬೂದುಗರಿ ಅಂಟಿತ್ತು.

"ತಪಾಸಣೆ... ಬರೀ ತಪಾಸಣೆ" ಎಂದು ತೊದಲಿದ.

ಚಿಪ್ಪಜ್ಜಿ ಗೂಡಿನೊಳಗೆ ಕತ್ತು ಹಾಕಿ ನೋಡಿದಳು. ಗರಿಗಳ ನಡುವೆ ನುಣುಪುಗಲ್ಲು, ಅದರ ಪಕ್ಕದಲ್ಲಿ ಒಂದು ಕೋರೆಹಲ್ಲು.

"ಹಲ್ಲು ಹಾಕಿ ಮಾಡೋ ತಪಾಸಣೆ ಯಾವುದಪ್ಪಾ? ಈ ಕಲ್ಲಿನ ಜಾಗದಲ್ಲಿ ನಮ್ಮ ಬೂದಕ್ಕ ಇದ್ದಿದ್ದರೆ?"

ಗರಿಕಮ್ಮನ ಕಣ್ಣು ತುಂಬಿತು. "ಎಷ್ಟು ಒಳ್ಳೆಯವರು ಅಂದಿದ್ದೆನಲ್ಲ ನಾನು" ಎಂದು ಬೂದಕ್ಕನ ಪಕ್ಕಕ್ಕೆ ಬಂದು ನಿಂತಳು.

"ಕೂಗಿ ಕೇರಿಯ ನಿದ್ದೆ ಕೆಡಿಸಿದವರು ಬೆಳಗಾಗುತ್ತಲೇ ಹೊರಡಬೇಕು" ಎಂದಳು ಚಿಪ್ಪಜ್ಜಿ. "ಬೆಳಗಾಗಿದೆ."

ಶಿಸ್ತಪ್ಪ ಬಾಲ ಮುದುಡಿಕೊಂಡು ಹೊರಟ. ಮತ್ತೆ ಅವನು ಹೊಂಗೆಕೇರಿಯ ಕಡೆ ತಲೆ ಹಾಕಲಿಲ್ಲ.

ಅಂದು ಬಿಸಿಲೇರುವ ಹೊತ್ತಿಗೆ ಸೂಜಮ್ಮನ ಬಿಲದಲ್ಲಿ ಮೊಟ್ಟೆ ಬಿರಿದು ಚಿಂವ್ ಎಂಬ ದನಿ ಕೇಳಿಸಿತು. ಕೇರಿಯೆಲ್ಲ ಬಾಗಿಲಲ್ಲಿ ನೆರೆಯಿತು. ಬೂದಕ್ಕನ ರೆಕ್ಕೆಯಡಿಯಿಂದ ಒದ್ದೆ ತಲೆಗಳು ಇಣುಕಿದವು. ಅವಳು ಮಾತ್ರ ನೆರೆಯವರ ಕಡೆ ತಿರುಗಿ, "ನಿಯಮ ಬೇಕೇ ಬೇಕು. ನಿಮಗೆ ನನ್ನಿಂದ ತೊಂದರೆ ಆದದ್ದು ನಿಜ. ಈಗ ನನ್ನನ್ನೂ ಕೂರಿಸಿಕೊಂಡು ಮಾಡೋಣ" ಎಂದಳು.

ಮಾಡಿದರು. ಗೂಡು ಮನೆಗಳ ನಡುವೆಯೇ ಬಂತು. ಅದರ ಬಾಗಿಲು ಒಳಗಿನಿಂದಲೂ ತೆರೆಯುತ್ತಿತ್ತು. ಹಿಕ್ಕೆಯನ್ನು ದಾರಿಯಿಂದ ಬಳಿದು ಗರಿಕಮ್ಮನ ಪಾತಿಗೆ ಗೊಬ್ಬರ ಹಾಕುವುದು ಬೂದಕ್ಕನ ಪಾಲಿಗೆ ಬಂತು. ಕೆದಕಲು ಅವಳಿಗೆ ಹುತ್ತದ ಆಚೆಯ ಜಾಗ ಸಿಕ್ಕಿತು. ಗೂಡಿನಿಂದ ಕೂಗು ಬಂದರೆ ಮೊದಲು ಕೇಳಿದವರು ಮೊದಲು ಓಡಬೇಕು ಎಂದಾಯಿತು. "ಎಲ್ಲರಿಗಿಂತ ಮೊದಲು ಹೊರಡೋಳು ನಾನೇ" ಎಂದಳು ಚಿಪ್ಪಜ್ಜಿ. ತಲುಪುವ ಮಾತನ್ನು ಅವಳು ಎತ್ತಲಿಲ್ಲ.

ಜುಟ್ಟಯ್ಯನನ್ನೂ ಕರೆಸಿಕೊಂಡರು. ಬೆಳಕು ಹರಿದ ಮೇಲೆ ಒಂದೇ ಸಲ ಕೂಗಬೇಕೆಂದು ಮಾತಾಯಿತು. ಅವನು ಈಗಲೂ ಎರಡು ಸಲ ಕೂಗುತ್ತಾನೆ. ಗರಿಕಮ್ಮ ದಿನಾ ಬೈಯುತ್ತಾಳೆ. ಆದರೆ ಒಂದು ದಿನ ಅವನು ಕೂಗುವುದು ತಡವಾದರೆ, ಏನಾಯಿತೋ ಎಂದು ಮೊದಲು ಓಡಿ ಬರುವವಳೂ ಅವಳೇ.

ನೀತಿ: ನಿಯಮವನ್ನು ಎಲ್ಲರ ನೆಮ್ಮದಿಗಾಗಿ, ಎಲ್ಲರೂ ಕೂತು ಮಾಡಬೇಕು. ಒಬ್ಬರನ್ನು ಸಿಕ್ಕಿಸಲೆಂದು ಮಾಡಿದ ನಿಯಮ, ಅದನ್ನು ಮಾಡಿದವನಿಗೂ ಬಾಗಿಲು ತೆರೆಯುವುದಿಲ್ಲ.