ಕಾರ್ಡಿಗೆ ತಾಗಿದ ದೃಷ್ಟಿ

ಕಾಂಟ್ರಾಕ್ಟರ್ ಬಸವಂತಪ್ಪ ಮನೆಯಲ್ಲಿ ಗೆಳೆಯರನ್ನೆಲ್ಲ ಕೂರಿಸಿಕೊಂಡು ಅಬ್ಬರಿಸಿದರು: "ವೈರೆಲ್ಲ ನಾನೇ ಕೈಯಾರೆ ಜೋಡಿಸಿದೀನಿ. ಆದ್ರೂ ಗೇಮ್ ತೆವಳುತ್ತೆ! ನಿನ್ನ ಗ್ರಾಫಿಕ್ಸ್ ಕಾರ್ಡೇ ಡಬ್ಬಾ. ಅಂಗಡಿ ಮುಚ್ಚಿಸ್ತೀನಿ!"

ಕಾರ್ಡು ಮಾರಿದ್ದ ನಾಗವೇಣಿ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದಳು. ಪರದೆಯ ವೈರು ಹೊಸ ಕಾರ್ಡಿಗೆ ಸೇರದೆ ಹಳೇ ತೂತಿನಲ್ಲೇ ಕೂತಿತ್ತು; ಕಾರ್ಡಿಗೆ ಕೆಲಸವೇ ಸಿಕ್ಕಿರಲಿಲ್ಲ. ತಪ್ಪು ಅವರದೇ ಎಂದು ಎಲ್ಲರೆದುರು ಹೇಳಿದರೆ ಅಂಗಡಿ ಉಳಿದೀತೇ?

"ದೃಷ್ಟಿಯಾಗಿದೆ ಸಾರ್. ಒಂದು ನಿಂಬೆಹಣ್ಣು ಕೊಡಿ. ಎಲ್ಲರೂ ಕಣ್ಣು ಮುಚ್ಚಿ."

ಒಂದು ಕೈಯಲ್ಲಿ ನಿಂಬೆಹಣ್ಣು ನಿವಾಳಿಸುತ್ತ, ಇನ್ನೊಂದು ಕೈಯಲ್ಲಿ ವೈರನ್ನು ಕಾರ್ಡಿಗೆ ಸಿಕ್ಕಿಸಿದಳು. ಗೇಮ್ ಕುದುರೆಯಂತೆ ಓಡಿತು.

ಬಸವಂತಪ್ಪ ಮೀಸೆ ತಿರುವಿದರು. "ಹಾಗಾದ್ರೆ ನಿಂಬೆಹಣ್ಣೇ ಸಾಕು. ಕಾರ್ಡು ವಾಪಸ್ ತಗೋ!"

ನಾಗವೇಣಿ ಕಂಪ್ಯೂಟರಿನತ್ತ ಕೈ ಚಾಚಿದಳು. "ತಗೋತೀನಿ ಸಾರ್. ಆದ್ರೆ ದೃಷ್ಟೀನ ತಡೀತಿರೋದೇ ಈ ಕಾರ್ಡು. ಅದಿಲ್ದಿದ್ರೆ ನೇರ ನಿಮಗೇ ತಾಗುತ್ತೆ."

ಬಸವಂತಪ್ಪ ಓಡಿಬಂದು ಕಂಪ್ಯೂಟರನ್ನು ತಬ್ಬಿಕೊಂಡರು. "ಮುಟ್ಟಬೇಡ!"