ಹೋದಮ್ಮನ ಗುಡಿ

ಕರಿಗೋಡಿನಲ್ಲಿ ಹೊಳೆ ಕಡಲು ಸೇರುವ ಕಡೆ, ನೀರಿನೊಳಕ್ಕೆ ಚಾಚಿಕೊಂಡ ಕಪ್ಪು ಗುಡ್ಡದ ತುದಿಯಲ್ಲಿ ಕೆಂಪು ಕಲ್ಲಿನ ಚಿಕ್ಕದೊಂದು ಗುಡಿ ಇದೆ. ಒಳಗೆ ಪೀಠವಿದೆ, ಪೀಠದ ಮೇಲೆ ಏನೂ ಇಲ್ಲ. ಹೊಸದಾಗಿ ಬಂದವರು ವಿಗ್ರಹ ಕಳವಾಗಿರಬೇಕು ಎಂದುಕೊಳ್ಳುತ್ತಾರೆ. ಕಳವಾಗಿಲ್ಲ, ಇಲ್ಲಿ ವಿಗ್ರಹವನ್ನು ಕೂರಿಸಿದ್ದೇ ಇಲ್ಲ. ಊರವರು ಇದನ್ನು ಹೋದಮ್ಮನ ಗುಡಿ ಎನ್ನುತ್ತಾರೆ. ಹೆಸರಿನ ಹಿಂದಿನ ಕಥೆಯನ್ನು ಮೀನುಗಾರರ ಮನೆಗಳಲ್ಲಿ ಕೇಳಿ, ಎಲ್ಲರೂ ಒಪ್ಪುವಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ, ಮಳೆಗಾಲ ಮುಗಿದು ಬಂಗಡೆ ಮೀನು ದಡದತ್ತ ಬರುವ ಹೊತ್ತಿನಲ್ಲಿ, ಊರವರು ರಂಪಣಿ ಬಲೆ ಬಿಟ್ಟಿದ್ದರು. ಊರಿಗೆಲ್ಲ ಒಂದೇ ಬಲೆ. ಅದರ ಎರಡೂ ತುದಿಗಳನ್ನು ದಡದಲ್ಲಿ ನಿಂತು ಊರೇ ಎಳೆಯಬೇಕು. ಆ ದಿನ ಬಲೆಯಲ್ಲಿ ಮೀನಿನ ಬದಲು ಆಳೆತ್ತರದ ಮರದ ಹೆಂಗಸೊಬ್ಬಳು ಬಂದಳು. ಸೊಂಟದ ಕೆಳಗೆ ಮೀನಿನ ಬಾಲ, ಮುಂದಕ್ಕೆ ಚಾಚಿದ ಎದೆ, ದೂರ ನೋಡುವ ಕಣ್ಣು. ಪಡುವಣ ದೇಶದವರು ಹಡಗಿನ ಮೂತಿಗೆ ಇಂಥ ಕಡಲದೇವಿಯರನ್ನು ಕೂರಿಸುತ್ತಿದ್ದರು. ಯಾವುದೋ ಒಡೆದ ಹಡಗಿನವಳು ಇರಬೇಕು. ಆದರೆ ಊರವರ ಕಣ್ಣಿಗೆ ಅವಳು ದೇವರೇ. ಬಲೆಗೆ ದೇವರು ಬಂದರೆ ಊರಿನ ಕಟ್ಟಳೆ ಒಂದೇ: ಆ ದೇವರು ಎಡೆ ಒಪ್ಪುವ ತನಕ ಬಲೆ ನೀರಿಗೆ ಇಳಿಯಬಾರದು. ಗುಡ್ಡದ ಮೇಲೆ ಗುಡಿ ಕಟ್ಟುವ ಕೆಲಸ ಶುರುವಾಯಿತು. ಊರದೇವರ ಪೂಜಾರಿ ಗುನಗ ಅವಳ ಎರಡೂ ಹೆಗಲಿಗೆ ಒದ್ದೆ ಹೂವಿನ ಎಸಳು ಅಂಟಿಸಿ ಕೇಳತೊಡಗಿದ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಕಾಯಿ ಬೇಕೇ, ಕೋಳಿ ಬೇಕೇ, ಹಾಲು ಪಾಯಸ ಬೇಕೇ ಎಂದು ಬಗೆಬಗೆಯಾಗಿ ಕೇಳಿದ. ಯಾವ ಎಸಳೂ ಬೀಳಲಿಲ್ಲ. ಕೇಳುತ್ತ ಕೇಳುತ್ತ ದಿನಗಳು ಕಳೆದವು. ಬಂಗಡೆಯ ಹಿಂಡು ಕಣ್ಣೆದುರೇ ಹಾದುಹೋಗುತ್ತಿತ್ತು. ಮನೆಗಳಲ್ಲಿ ಗಂಜಿ ತೆಳುವಾಯಿತು, ಮಕ್ಕಳು ಹಸಿದು ಅಳತೊಡಗಿದವು.

ಬಲೆಯ ಹಿರಿಯ ಜಟ್ಟುವಿನ ಸೊಸೆ ಸೋಮಿ ಹೊಳೆಯಾಚೆಯ ಊರಿನವಳು. ಮದುವೆಯಾಗಿ ಬಂದ ಮೇಲೆ ತವರಿಗೆ ಹೋಗಿರಲಿಲ್ಲ. ಕೇಳಿದಾಗಲೆಲ್ಲ ಮಾವ, ಮೀನಿನ ಕಾಲ ಮುಗಿಯಲಿ ಎನ್ನುತ್ತಿದ್ದ. ಒಂದು ದಿನ ಅವಳು ಗಂಡಸರ ನಡುವೆ ಬಂದು ನಿಂತಳು.

“ಗುನಗಜ್ಜ, ಎಂತ ತಿಂತೆ ಅಂತ್ಲೇ ಕೇಳ್ತ್ರಿ. ಮನೆಗೆ ಹೋಗ್ತ್ಯಾ ಅಂತ ಒಂದ್ಸಲ ಕೇಳಿ ನೋಡಿ.”

ನಗು ಎದ್ದಿತು. “ದೇವರಿಗೆ ಎಂತ ತವರುಮನೆಯೇ, ಕೂಸೆ?” ಎಂದ ಒಬ್ಬ. “ಇವಳಿಗೆ ಹೋಗ್ಬೇಕು, ಅದಕ್ಕೆ ದೇವರ ಹೆಸರು,” ಎಂದ ಇನ್ನೊಬ್ಬ.

“ನಂಗೂ ಹೋಗ್ಬೇಕು. ಸುಳ್ಳು ಯಾಕೆ ಹೇಳ್ಲಿ?” ಎಂದಳು ಸೋಮಿ. “ಬಂದಾಗ ನಂಗೂ ಹೀಗೇ ಎಲ್ಲಾ ಬಡಿಸಿದ್ರಿ. ಗಂಟಲಲ್ಲಿ ಇಳೀಲಿಲ್ಲ.”

ಜಟ್ಟುವಿಗೆ ಸಿಟ್ಟು ಬಂತು. “ಊರಿಗೆ ಬಂದ ತಾಯಿನ ಹೊರಗೆ ಕಳ್ಸೂದಾ? ಆಮೇಲೆ ಕಡಲು ಮುನಿದ್ರೆ ಯಾರ ಹತ್ರ ಹೇಳೂದು?”

ಗುನಗನ ಬಳಿ ಬೇರೆ ಪ್ರಶ್ನೆ ಉಳಿದಿರಲಿಲ್ಲ. ಹೊಸ ಎಸಳು ಅಂಟಿಸಿ, “ಮನೆಗೆ ಹೋಗ್ತ್ಯಾ, ತಾಯಿ?” ಎಂದ. ಮಾತು ಮುಗಿಯುವ ಮೊದಲೇ ಬಲಗಡೆಯ ಎಸಳು ಬಿತ್ತು ಎನ್ನುತ್ತಾರೆ.

ದಡದಿಂದ ಕಡಲ ಕಡೆಗೆ ಗಾಳಿ ಬೀಸುವ ಬೆಳಗಿನ ಹೊತ್ತು, ನೀರಿಳಿತ ನೋಡಿಕೊಂಡು, ಜಟ್ಟುವೇ ಆ ಮರದ ತಾಯಿಯನ್ನು ತನ್ನ ದೋಣಿಯಲ್ಲಿ ಮಲಗಿಸಿ ದೂರ ಒಯ್ದ. ಹೊರಡುವ ಮೊದಲು ಹೆಂಗಸರು ಅವಳ ಕೊರಳಿಗೆ ಅಬ್ಬಲಿಗೆ ಮಾಲೆ ಹಾಕಿ, ದಾರಿಗೆಂದು ಅವಲಕ್ಕಿ ಕಟ್ಟಿಕೊಟ್ಟರು. ನೀರಿಗೆ ಬಿಟ್ಟಾಗ ಅವಳು ಒಮ್ಮೆಯೂ ದಡದತ್ತ ತಿರುಗದೆ ಪಶ್ಚಿಮಕ್ಕೆ ತೇಲಿಹೋದಳು. ಊರವರು ಅಂದೇ ಬಲೆ ಇಳಿಸಿದರು. ಬಲೆ ತುಂಬಿತೆಂದು ಕೆಲವರು, ಎಂದಿನಷ್ಟೇ ಸಿಕ್ಕಿತೆಂದು ಕೆಲವರು ಹೇಳುತ್ತಾರೆ. ಸಂಜೆ ಬಲೆ ಒಣಗಹಾಕುತ್ತ ಜಟ್ಟು ಸೊಸೆಯ ಮುಖ ನೋಡದೆ, “ಸೀರೆ ಗಂಟು ಕಟ್ಟು. ಬೆಳಿಗ್ಗೆ ಹೊಳೆ ದಾಟಿಸ್ತೆ,” ಎಂದನಂತೆ. ಅರ್ಧ ಎದ್ದಿದ್ದ ಗುಡಿಯನ್ನು ಕೆಡವಲು ಯಾರಿಗೂ ಮನಸ್ಸಾಗಲಿಲ್ಲ. ಹಾಗೆಯೇ ಕಟ್ಟಿ ಮುಗಿಸಿದರು.

ಈಗಲೂ ಊರಿಗೆ ಸೊಸೆಯಾಗಿ ಬಂದವಳನ್ನು ಮೊದಲ ತಿಂಗಳಲ್ಲೇ ಅತ್ತೆ ಈ ಗುಡ್ಡಕ್ಕೆ ಕರೆತರುತ್ತಾಳೆ. ಕೈಮುಗಿದ ಮೇಲೆ, ತವರಿಗೆ ಯಾವಾಗ ಹೋಗುತ್ತೀ ಎಂದು ಕೇಳಬೇಕು. ಹುಡುಗಿ ಹೇಳಿದ ದಿನ ಕಳಿಸಲೇಬೇಕು. ಹೆಚ್ಚಿನವರು ನಾಚಿ, ಹಬ್ಬಕ್ಕೆ ಎನ್ನುತ್ತಾರೆ. ಒಬ್ಬೊಬ್ಬಳು ಮಾತ್ರ, “ಇವತ್ತೇ,” ಎನ್ನುತ್ತಾಳೆ. ಆಗ ಅತ್ತೆ ಅಲ್ಲಿಂದಲೇ ಕೂಗುತ್ತಾಳೆ. ಕೆಳಗೆ ಗಂಡನ ಮನೆಯವರು ಗೊಣಗುತ್ತ, ನಗುತ್ತ, ದೋಣಿಯನ್ನು ನೀರಿಗೆ ತಳ್ಳುತ್ತಾರೆ.