ಹತ್ತೂವರೆ ಚಂದ್ರಿಕೆ

ನಗುವುದಾದರೆ ತುತ್ತು ನುಂಗಿ ನಗಿ. ಬಾಯಲ್ಲಿ ಮುದ್ದೆ ಇಟ್ಟುಕೊಂಡು ಕಿಸಕ್ಕೆಂದರೆ ಕತೆ ಅಲ್ಲಿಗೇ ನಿಲ್ಲುತ್ತದೆ, ಮೊದಲೇ ಹೇಳಿದ್ದೇನೆ.

ಒಬ್ಬಳು ಹೊಂಬಾಳಮ್ಮ. ಮನೆ ತುಂಬ ರೇಷ್ಮೆಹುಳು ಸಾಕುವವಳು. ಅವಳಿಗೆ ಒಬ್ಬನೇ ಮಗ, ಕೆಂಪರಾಜ. ವಯಸ್ಸು ಇಪ್ಪತ್ತು, ಮೈ ಎತ್ತಿನದು, ಬುದ್ಧಿ ಮಾತ್ರ ಹೇಳಿದಷ್ಟೇ. ಹೇಳಿದ್ದಕ್ಕಿಂತ ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ. "ಹಾಲು ಉಕ್ಕೋದನ್ನ ನೋಡ್ಕೋ" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡಿ, "ಚೆನ್ನಾಗಿ ಉಕ್ತಮ್ಮ!" ಅನ್ನುವವನು.

"ಅಯ್ಯೋ ಶಿವನೇ! ಇವನ ಬದಲು ಒಂದು ಒರಳುಕಲ್ಲು ಹೆತ್ತಿದ್ರೆ ರುಬ್ಬೋಕಾದ್ರೂ ಆಗ್ತಿತ್ತು!"

ಹುಳು ಮೇವು ಬಿಟ್ಟು ಹಣ್ಣಾದಾಗ ಗೂಡು ಕಟ್ಟಲು ಚಂದ್ರಿಕೆ ಬೇಕು. ಅದೊಂದು ಬಿದಿರಿನ ಚಾಪೆ. ಆರಡಿ ಉದ್ದ, ನಾಲ್ಕಡಿ ಅಗಲ, ಮೇಲೆ ಸುರುಳಿ ಸುತ್ತಿದ ಬಿದಿರುಪಟ್ಟಿ. ಪೇಟೆಯ ಪೀರ್‌ಸಾಬಿಯ ಹತ್ತಿರ ಬಾಡಿಗೆಗೆ ತರಬೇಕು. ಹಿಂದಿನ ಬೆಳೆಗೆ ಹೊಂಬಾಳಮ್ಮ ಕಣ್ಣಂದಾಜಿನಲ್ಲಿ ತಂದಳು, ಸಾಲಲಿಲ್ಲ. ಜಾಗ ಸಿಗದ ಹುಳು ನೆಲಕ್ಕೆ ಬಿದ್ದು ಅರ್ಧ ಬೆಳೆ ಮಣ್ಣುಪಾಲು. ಈ ಬೆಳೆಯೂ ಹಾಗೇ ಆದರೆ ಹುಳದ ಮನೆಗೆ ಬೀಗವೇ ಗತಿ.

"ಇನ್ನೆಂಟು ದಿನಕ್ಕೆ ಹುಳು ಹಣ್ಣಾಗ್ತವೆ ಕಣೋ. ಪೇಟೇಲಿ ಕಂಪ್ಯೂಟರ್ ಕ್ಲಾಸಿದೆ. ಉದ್ದ ಅಗಲದ ಲೆಕ್ಕ ಕಲ್ತು ಬಾ. ಎಷ್ಟು ಚಂದ್ರಿಕೆ ಬೇಕು ಅಂತ ಆ ಮಿಷನ್ನೇ ಹೇಳ್ಲಿ!"

ಬಾಯಿಲೆಕ್ಕಕ್ಕೆ ಮಿಷನ್ ಯಾಕೆ ಅನ್ನಬೇಡಿ. ಅವಳಿಗೆ ಕೈಬೆರಳು ದಾಟಿದರೆ ತಲೆ ಸುತ್ತು. ಅವನಿಗೆ ಬೆರಳು ಎಣಿಸಿದರೇ ಸುತ್ತು.

ಕ್ಲಾಸಿನಲ್ಲಿ ನಾಗವೇಣಿ ಮೇಡಂ ಹೇಳಿದರು, "ನೋಡಪ್ಪ ಕೆಂಪರಾಜು, ಇದು ಸಿ ಭಾಷೆ. ಈ ಮಿಷನ್ನಿಗೆ ಸ್ವಂತ ಬುದ್ಧಿ ಇಲ್ಲ. ಹೇಳಿದಷ್ಟೇ ಮಾಡುತ್ತೆ."

"ನಮ್ಮ ಜಾತಿಯದೇ ಮೇಡಂ!" ಅಂತ ಕೆಂಪರಾಜ ಅದರ ಬೆನ್ನು ತಟ್ಟಿದ.

"ತಟ್ಟಬೇಡ. ವಿಸ್ತೀರ್ಣ ಅಂದ್ರೆ ಉದ್ದ ಗುಣಿಸು ಅಗಲ. ಬರಿ."

ಬರೆದ. ಅಷ್ಟನ್ನೇ ಬರೆದ. ಉದ್ದ ಎಷ್ಟು ಅಂತ ಕೊಡಲಿಲ್ಲ, ಅಗಲ ಎಷ್ಟು ಅಂತ ಕೊಡಲಿಲ್ಲ. ಉತ್ತರ ತೋರಿಸುವ ಸಾಲನ್ನು ಮೇಡಂ ತಾವೇ ಸೇರಿಸಿ ಓಡಿಸಿದರೆ, ಮಿಷನ್ನು ತನ್ನ ಹೊಟ್ಟೆಯಲ್ಲಿದ್ದ ಹಳೇ ಕಸವನ್ನೇ ಗುಣಿಸಿ, ಎಪ್ಪತ್ತೆರಡು ಲಕ್ಷ ಚಿಲ್ಲರೆ ಅಂದಿತು.

"ಇಷ್ಟು ಚಂದ್ರಿಕೆ ಇಡೋಕೆ ನಮ್ಮೂರು ಸಾಲಲ್ಲ ಮೇಡಂ!"

"ರಾಮರಾಮ! ಮೊದಲು ಕೇಳ್ಬೇಕು ಕಣಪ್ಪ. ಉತ್ತರ ಬರೋವರೆಗೂ ಕಾಯ್ಬೇಕು. ಆಮೇಲೆ ಮುಂದಿನ ಕೆಲಸ!"

"ಸರಿ ಮೇಡಂ. ಕೇಳ್ಬೇಕು, ಕಾಯ್ಬೇಕು, ಆಮೇಲೆ ಮುಂದಿನ ಕೆಲಸ."

ಮರುದಿನ ತಾಯಿ ಹೇಳಿದಳು, "ನಾನು ತೋಟಕ್ಕೆ ಹೋಗ್ತೀನಿ. ಹುಳಕ್ಕೆ ಸೊಪ್ಪು ಹಾಕೋ."

ಕೆಂಪರಾಜ ಸೊಪ್ಪು ಹಿಡಿದು ಹುಳದ ಮುಂದೆ ಕೂತ. "ಎಷ್ಟು ಹಾಕ್ಲಿ?" ಕೇಳಿದ. ಹುಳು ಮಾತಾಡಲಿಲ್ಲ. ಕಾದ. ಹೊತ್ತು ನೆತ್ತಿಗೆ ಬಂತು, ಕಾದ. ಹೊತ್ತು ಇಳಿಯಿತು, ಕಾದ. ತಾಯಿ ಬಂದು ನೋಡಿದರೆ ಹುಳುಗಳು ಹಸಿದು ತಲೆ ಎತ್ತಿಕೊಂಡಿವೆ, ಮಗ ಸೊಪ್ಪು ಎತ್ತಿಕೊಂಡಿದ್ದಾನೆ.

"ಇನ್ನೂ ಉತ್ತರ ಬಂದಿಲ್ಲಮ್ಮ!"

"ನಿನ್ನ ಬಾಯಿಗೆ ಬೂದಿ ಹಾಕ! ಬಾಯಿಲ್ಲದ್ದನ್ನ ಯಾರಾದ್ರೂ ಕೇಳ್ತಾರೇನೋ? ಕೇಳ್ತಾ ಕೂರೋದಲ್ಲ, ಕೈಯಾರೆ ಕೊಡ್ಬೇಕು!"

"ಸರಿ ಅಮ್ಮ. ಕೇಳ್ತಾ ಕೂರೋದಲ್ಲ, ಕೈಯಾರೆ ಕೊಡ್ಬೇಕು."

ಕ್ಲಾಸಿಗೆ ಹೋದ. ಮೇಡಂ ಜೊತೆಗೆ ಕೂತು ಬರೆಸಿದ್ದಕ್ಕೆ ಪ್ರೋಗ್ರಾಂ ಈ ಸಲ ಸರಿಯಾಗಿ ಓಡಿತು. ಪರದೆಯ ಮೇಲೆ 'ಉದ್ದ ಕೊಡಿ' ಅಂತ ಬಂತು. ಕೆಂಪರಾಜ ಜೇಬಿನಿಂದ ಅಳತೆ ಟೇಪು ತೆಗೆದ. ಸರ್ರನೆ ಆರಡಿ ಎಳೆದ. ಕೀಲಿಮಣೆಯ ಮೇಲೆ ಕೈಯಾರೆ ಇಟ್ಟ.

"ತಗೋಪ್ಪ, ಉದ್ದ. ತಾಳು, ಅಗಲಾನೂ ಕೊಡ್ತೀನಿ."

ಟೇಪು ಒತ್ತಿ ಪರದೆ ತುಂಬ ಏನೇನೋ ಅಕ್ಷರ ಹರಿದವು.

"ಲೋ! ಆರು ಅಂತ ಒತ್ತೋ! ಬರೀ ಆರು! ಚಿಲ್ಲರೆ ಪಲ್ಲರೆ ಕೊಡ್ಬೇಡ. ಇಂಟ್ ಅಂತ ಬರೆದಿದ್ದೀವಲ್ಲ, ಅದು ಇಡೀದನ್ನ ಮಾತ್ರ ಇಟ್ಕೊಳುತ್ತೆ. ಎರಡೂವರೆ ಕೊಟ್ರೆ ಎರಡೇ, ಅರೆ ಆಚೆಗೆ!"

"ಸರಿ ಮೇಡಂ. ಇಡೀದು ಒಳಗೆ, ಅರೆ ಆಚೆಗೆ."

ಮಾರನೆ ದಿನ ಪಕ್ಕದ ತೋಟದಿಂದ ಸೊಪ್ಪು ತರಲು ತಾಯಿ ಕಳಿಸಿದಳು. ತೋಟದವರು ಎರಡೂವರೆ ಹೊರೆ ಕೊಯ್ದಿಟ್ಟಿದ್ದರು. ಕೆಂಪರಾಜ ಎರಡು ಹೊರೆ ಮನೆಗೆ ತಂದ. ಅರ್ಧ ಹೊರೆಯನ್ನು ಎತ್ತಿ ಚರಂಡಿಗೆ ಎಸೆದು ಬಂದ.

"ಅರ್ಧ ಹೊರೆ ಎಲ್ಲೋ?"

"ಆಚೆಗೆ ಹಾಕ್ದೆ. ಇಡೀದು ಮಾತ್ರ ಒಳಗೆ!"

"ಅಯ್ಯೋ ಹಾಳಾದವನೇ! ಹುಳು ಉಣ್ಣೋ ಅನ್ನ ಕಣೋ ಅದು! ಅರ್ಧ ಅಂದ್ರೆ ಅರ್ಧಾನೂ ಬೇಕು! ಒಂದು ಚೂರೂ ಬಿಡ್ಬೇಡ, ಒಂದು ಚೂರೂ ಹೆಚ್ಚು ತರ್ಬೇಡ!"

"ಸರಿ ಅಮ್ಮ. ಒಂದು ಚೂರೂ ಬಿಡಲ್ಲ, ಒಂದು ಚೂರೂ ಹೆಚ್ಚು ತರಲ್ಲ."

ಅದನ್ನೇ ಬಾಯಲ್ಲಿ ಜಪಿಸುತ್ತ ಕ್ಲಾಸಿಗೆ ಹೋಗಿ, "ಮೇಡಂ, ಅರ್ಧಾನೂ ಬೇಕಂತೆ" ಅಂದ. ಮೇಡಂಗೆ ಕುರ್ಚಿಯಿಂದ ಬೀಳುವಷ್ಟು ಖುಷಿ. "ಭೇಷ್! ಹಾಗಿದ್ರೆ ಇಂಟ್ ತೆಗೆದು ಫ್ಲೋಟ್ ಅಂತ ಬರಿ. ಅದು ಚೂರನ್ನೂ ಬಿಡಲ್ಲ."

ಆರು ಗುಣಿಸು ನಾಲ್ಕು, ಇಪ್ಪತ್ನಾಲ್ಕು ಚದರಡಿ. ಚದರಡಿಗೆ ಐವತ್ತು ಹುಳು, ಒಂದು ಚಂದ್ರಿಕೆಗೆ ಸಾವಿರದ ಇನ್ನೂರು. ಮರಿಹುಳು ಸಾಕಿ ಮಾರುವ ಚಾಕಿ ಮನೆಯವರ ಚೀಟಿಯಲ್ಲಿದ್ದ ಹುಳು ಹನ್ನೆರಡು ಸಾವಿರದ ಆರುನೂರು. ಭಾಗಿಸು! ಪ್ರೋಗ್ರಾಂ ಓಡಿತು. ಪರದೆ ಖಾಲಿ.

"ಉತ್ತರ ಎಲ್ಲಪ್ಪ?"

"ಮಿಷನ್ನಿಗೆ ಗೊತ್ತು ಮೇಡಂ. ಯಾರಿಗೂ ಹೇಳ್ತಿಲ್ಲ."

"ಹೇಳು ಅಂತ ನೀನೇ ಬರೆದಿಲ್ವಲ್ಲೋ! ಉತ್ತರ ಬಂದ್ಮೇಲೆ ಎಲ್ಲರಿಗೂ ತೋರಿಸ್ಬೇಕು!"

ಆ ಒಂದು ಸಾಲು ಸೇರಿಸಿದ. ಉತ್ತರ ಬಂತು. ಬಸ್ಸು ಹತ್ತಿದವನು ಎಲ್ಲರಿಗೂ ತೋರಿಸಬೇಕಲ್ಲ, ಕಿಟಕಿಯಿಂದ ತಲೆ ಹಾಕಿ ಊರೂರಿಗೂ ಕೂಗಿದ, "ಹತ್ತು, ಚುಕ್ಕಿ, ಐದು, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ!" ಕಂಡಕ್ಟರು ಅರ್ಧ ದಾರಿಯಲ್ಲೇ ಇಳಿಸಿದ. ಉಳಿದ ದಾರಿ ಕೂಗುತ್ತಲೇ ನಡೆದು ಬಂದ.

ಹೊಂಬಾಳಮ್ಮ ಪಕ್ಕದ ಮನೆ ಮೇಷ್ಟ್ರನ್ನು ಕೇಳಿದಳು. "ಹತ್ತೂವರೆ. ಲೆಕ್ಕ ಸರಿಯಾಗಿದೆಯಮ್ಮ" ಅಂದರು ಮೇಷ್ಟ್ರು. ತಾಯಿಗೆ ಕಣ್ಣಲ್ಲಿ ನೀರು. "ನನ್ನ ಬಂಗಾರ! ಬೆಳಗ್ಗೆ ಎದ್ದು ಪೀರ್‌ಸಾಬಿ ಹತ್ರ ಹೋಗು. ಲೆಕ್ಕದ ಪ್ರಕಾರ ತಾ. ಹುಳು ಆಗಲೇ ಹಣ್ಣಾಗ್ತಿವೆ!"

ಬೆಳಗ್ಗೆ ಕೆಂಪರಾಜ ಎತ್ತಿನಗಾಡಿ ಕಟ್ಟಿಕೊಂಡು ಹೋದ. "ಸಾಬ್ರೇ, ಹತ್ತೂವರೆ ಚಂದ್ರಿಕೆ ಕೊಡಿ."

"ಹತ್ತೂವರೆ ಎಲ್ಲಿಂದ ತರ್ಲಿ ಮಾರಾಯ? ಹನ್ನೊಂದು ತಗೊಂಡು ಹೋಗು."

"ಊಹೂಂ! ಒಂದು ಚೂರೂ ಹೆಚ್ಚು ಬೇಡ."

"ಹತ್ತು ತಗೋ."

"ಊಹೂಂ! ಒಂದು ಚೂರೂ ಬಿಡಲ್ಲ."

ಪೀರ್‌ಸಾಬಿ ತಲೆ ಚಚ್ಚಿಕೊಂಡು ಚಹಾ ಕುಡಿಯಲು ಹೋದ. ವಾಪಸ್ಸು ಬಂದು ನೋಡಿದರೆ, ಇವನು ಹತ್ತನ್ನು ಗಾಡಿಗೆ ಹೇರಿ, ಅಲ್ಲಿದ್ದ ಗರಗಸ ಹಿಡಿದು ಹನ್ನೊಂದನೆಯ ಚಂದ್ರಿಕೆಯನ್ನು ನಡುಮಧ್ಯಕ್ಕೆ ಕೊಯ್ದು ಕೂತಿದ್ದಾನೆ! ಸಾಬಿ ಅಟ್ಟಿಸಿಕೊಂಡು ಬಂದ. ಕೆಂಪರಾಜ ಗಾಡಿ ಓಡಿಸಿದ. ಕೊಯ್ದ ಅರ್ಧದ ಪಟ್ಟಿಯೆಲ್ಲ ಸುರುಳಿ ಬಿಚ್ಚಿಕೊಂಡು ದಾರಿಯುದ್ದಕ್ಕೂ ಉದುರಿತು. ಮನೆ ಮುಟ್ಟಿದಾಗ ಉಳಿದದ್ದು ಹತ್ತು ಚಂದ್ರಿಕೆ, ಒಂದು ತುಂಡು ಕೋಲು.

ಹಣ್ಣಾದ ಹುಳು ಕಾಯುತ್ತದೆಯೇ? ಹತ್ತು ಚಂದ್ರಿಕೆ ತುಂಬಿದವು. ಆರುನೂರು ಹುಳು ಮಿಕ್ಕವು. ಎಳೆ ಬಿಡುತ್ತ ಎಲ್ಲಿ ಹತ್ತಲಿ, ಎಲ್ಲಿ ಕಟ್ಟಲಿ ಅಂತ ತಲೆ ತೂಗುತ್ತಿವೆ.

"ಅಯ್ಯೋ ಮೂಳಾ!" ಅಂತ ತಾಯಿ ಎದೆ ಬಡಿದುಕೊಂಡಳು. "ಇವನ್ನೇನು ನಿನ್ನ ತಲೆ ಮೇಲೆ ಬಿಡ್ಲಾ?"

"ನೀನ್ಯಾಕಮ್ಮ ಕಷ್ಟ ಪಡ್ತೀಯ? ನಾನೇ ಬಿಟ್ಕೋತೀನಿ."

ಮೂರು ತಿಂಗಳಿಂದ ಕ್ಷೌರ ಕಾಣದ ಗುಂಗುರು ಕೂದಲು. ಮಿಕ್ಕ ಹುಳುವಿದ್ದ ಮೊರವನ್ನು ಎತ್ತಿ ತಲೆಯ ಮೇಲೆ ಬಗ್ಗಿಸಿಕೊಂಡ. ಕೂದಲಿಗಷ್ಟು, ಭುಜಕ್ಕಷ್ಟು, ಅಂಗಿಗಷ್ಟು. ಅಲ್ಲಾಡದೆ ಮೂಲೆಯಲ್ಲಿ ಕೂತ. ತಾಯಿಯೇ ಬಾಯಿಗೆ ಮುದ್ದೆ ಇಟ್ಟಳು. ಐದನೆಯ ದಿನ ನೋಡಿದರೆ ಮಗನ ತಲೆ ಸೀಬೆ ಮರದ ಹಾಗೆ ತುಂಬ ಗೂಡು ಬಿಟ್ಟಿದೆ! ಒಂದೇ ಒಂದು ಹುಳುವೂ ನೆಲಕ್ಕೆ ಬಿದ್ದಿರಲಿಲ್ಲ.

ಗೂಡು ಬಿಡಿಸುತ್ತ ಹೊಂಬಾಳಮ್ಮ ನಕ್ಕಳು, ಅತ್ತಳು, ಮತ್ತೆ ನಕ್ಕಳು. "ಬೆಳೆ ಉಳೀತಲ್ಲೋ ನನ್ನಪ್ಪ! ಆ ತಲೇನ ಅಳೆದು ಇಟ್ಕೋ. ಮುಂದಿನ ಬೆಳೆಗೂ ಬೇಕಾಗುತ್ತೆ!"

"ಸರಿ ಅಮ್ಮ."

ಟೇಪು ತಗೊಂಡು ಹೊರಟವನು ಮಧ್ಯಾಹ್ನವಾದರೂ ಬರಲಿಲ್ಲ. ತಾಯಿ ಹುಡುಕಿಕೊಂಡು ಹೋದರೆ, ಕ್ಷೌರದಂಗಡಿಯಲ್ಲಿ ಕೂತಿದ್ದಾನೆ. ಕೂದಲೆಲ್ಲ ಇಟ್ಟಿಗೆಯ ಹಾಗೆ ಚೌಕ!

"ಇದೇನೋ ಇದು?"

"ನಾಲ್ಕು ಮೂಲೆ ಮಾಡಿಸ್ಕೊಂಡೆ ಕಣಮ್ಮ. ಗುಂಡಗಿರೋದರ ಲೆಕ್ಕ ಮೇಡಂ ಇನ್ನೂ ಹೇಳ್ಕೊಟ್ಟಿಲ್ಲ!"